ವೃಷಣದ ಕ್ಯಾನ್ಸರು: ಶಸ್ತ್ರಕ್ರಿಯೆಯ ನಂತರ ದಂಪತಿಗಳು ಆರಿಸಬೇಕಾದ ಮಾರ್ಗ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಿಗೊಳಿಸುವುದು ಮಾತ್ರವೆಂದು ಅನೇಕರು ಭಾವಿಸಿದ್ದಾರೆ. ಆದರೆ ಮನೆಯ ದುಡಿಯುವ ಯಜಮಾನನ ಆರೋಗ್ಯವೂ ಕುಟುಂಬ ಕಲ್ಯಾಣದ ಮುಖ್ಯ ಅಂಗವೇ ಆಗಿದೆ. ತಾಯಿಯ ಆರೋಗ್ಯದ ಬಗ್ಗೆ, ಶಿಶುವಿನ ಲಸಿಕೆಯ ಬಗ್ಗೆ ಈಗ ಹಳ್ಳಿಹಳ್ಳಿಗಳಲ್ಲಿಯೂ ಮಾತು ನಡೆಯುತ್ತದೆ. ಗಂಡಸಿನ ಗುಪ್ತಾಂಗದ ರೋಗದ ಬಗ್ಗೆ ಮಾತ್ರ ಗಂಡ ಹೆಂಡತಿಗೂ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ಈ ಮೌನದಿಂದ ಆಗುವ ಹಾನಿ ದೊಡ್ಡದು. ಆದುದರಿಂದ ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ದಂಪತಿಗಳ ತಿಳುವಳಿಕೆಗಾಗಿ ವೃಷಣದ ಕ್ಯಾನ್ಸರಿನ ವಿಷಯವನ್ನು ಇಲ್ಲಿ ವಿವರಿಸಲಾಗಿದೆ. ಗಂಡಹೆಂಡಿರು ಇಬ್ಬರೂ ಕೂಡಿ ಇದನ್ನು ಓದತಕ್ಕದ್ದು. ಓದಲು ಬಾರದವರಿಗೆ ಓದಿ ಹೇಳತಕ್ಕದ್ದು.

ರೋಗದ ಸ್ವರೂಪ

ಜನರು ಬೀಜವೆಂದು ಕರೆಯುವ ಅಂಗಕ್ಕೆ ವೈದ್ಯಶಾಸ್ತ್ರದಲ್ಲಿ ವೃಷಣವೆಂದು ಹೆಸರು. ವೀರ್ಯಾಣುಗಳನ್ನೂ ಗಂಡಸುತನದ ಹಾರ್ಮೋನನ್ನೂ ಉತ್ಪತ್ತಿ ಮಾಡುವುದು ಇದರ ಕೆಲಸ. ಇದರಲ್ಲಿ ಹುಟ್ಟುವ ಕ್ಯಾನ್ಸರು ನಮ್ಮ ದೇಶದಲ್ಲಿ ವಿರಳ. ಆದರೆ ಬೇರೆ ಅನೇಕ ಕ್ಯಾನ್ಸರುಗಳಂತೆ ಇದು ವಯಸ್ಸಾದ ಮೇಲೆ ಬರುವ ರೋಗವಲ್ಲ. ಸಾಮಾನ್ಯವಾಗಿ 15ರಿಂದ 40 ವರ್ಷದೊಳಗಿನ ತರುಣರಲ್ಲಿಯೇ, ಅಂದರೆ ಮದುವೆಯಾಗಿ, ಮಕ್ಕಳನ್ನು ಪಡೆದು, ಹೊಲಮನೆ ನೋಡಿಕೊಳ್ಳುವ ವಯಸ್ಸಿನಲ್ಲಿಯೇ ಇದು ಕಾಣಿಸಿಕೊಳ್ಳುತ್ತದೆ.

ಹುಟ್ಟುವಾಗ ವೃಷಣವು ಹೊಟ್ಟೆಯಿಂದ ಚೀಲಕ್ಕೆ ಇಳಿಯದೆ ಉಳಿದವರಲ್ಲಿ, ತಂದೆಗೆ ಅಥವಾ ಸೋದರನಿಗೆ ಈ ರೋಗ ಬಂದಿದ್ದವರಲ್ಲಿ, ಮತ್ತು ಹಿಂದೆ ಒಂದು ವೃಷಣದಲ್ಲಿ ಈ ರೋಗವಾಗಿದ್ದವರಲ್ಲಿ ಇದರ ಸಂಭವ ಹೆಚ್ಚು. ಆದುದರಿಂದ ಗಂಡು ಮಗು ಹುಟ್ಟಿದಾಗ ಎರಡೂ ವೃಷಣಗಳು ಚೀಲದಲ್ಲಿವೆಯೇ ಎಂದು ತಾಯಿಯು ನೋಡಬೇಕು. ಆರು ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಅದನ್ನು ಶಸ್ತ್ರಕ್ರಿಯೆಯಿಂದ ಚೀಲಕ್ಕೆ ಇಳಿಸುವುದು ಉಚಿತ.

ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಈ ಕ್ಯಾನ್ಸರು ಬರುತ್ತದೆಂಬ ಮಾತಿಗೆ ಆಧಾರವಿಲ್ಲ. ಇದು ಅಂಟುರೋಗವೂ ಅಲ್ಲ. ಯಾವ ಪಾಪದ ಫಲವೂ ಅಲ್ಲ, ಹೆಂಡತಿಯ ದೋಷವೂ ಅಲ್ಲ.

ಊತವೆಲ್ಲವೂ ನೀರಲ್ಲ

ಯಾದಗಿರಿ ಜಿಲ್ಲೆಯು ರಾಜ್ಯದಲ್ಲಿ ಆನೆಕಾಲು ರೋಗ ಕಂಡುಬಂದ ಜಿಲ್ಲೆಗಳಲ್ಲೊಂದು. ಮನೆಮನೆಗೆ ಬಂದು ಆನೆಕಾಲು ರೋಗದ ಮಾತ್ರೆ ನುಂಗಿಸಿದ್ದು ನಿಮ್ಮಲ್ಲಿ ಅನೇಕರ ನೆನಪಿನಲ್ಲಿರಬಹುದು. ಈ ರೋಗದಿಂದ ವೃಷಣದ ಸುತ್ತ ನೀರು ತುಂಬಿ ಊತ ಬರುವುದುಂಟು. ಇದರಿಂದಾಗಿ ನಮ್ಮ ಭಾಗದಲ್ಲಿ ವೃಷಣಚೀಲದ ಊತವನ್ನು ಕಂಡ ಕೂಡಲೇ ‘ನೀರು ಇಳಿದಿದೆ’ ಎಂದು ಸಮಾಧಾನಪಟ್ಟು ಸುಮ್ಮನಿರುವ ರೂಢಿ ಬೆಳೆದಿದೆ. ಊತ ನೀರಿನದೇ ಆಗಿದ್ದರೂ ಚಿಕಿತ್ಸೆ ಬೇಕು. ಅದು ಗಡ್ಡೆಯಾಗಿದ್ದರೆ ತಡಮಾಡುವುದು ಅಪಾಯ.

ನೀರಿನ ಊತವು ಮೆತ್ತಗಿದ್ದು ಬ್ಯಾಟರಿಯ ಬೆಳಕಿಗೆ ಹೊಳೆಯುತ್ತದೆ. ಕ್ಯಾನ್ಸರಿನ ಗಡ್ಡೆಯು ಸಾಮಾನ್ಯವಾಗಿ ವೃಷಣದೊಳಗೇ ಗಟ್ಟಿಯಾಗಿ, ನೋವಿಲ್ಲದೆ ಬೆಳೆಯುತ್ತದೆ. ಕೆಲವರಿಗೆ ಭಾರವಾದಂತೆ, ತೊಡೆಸಂದಿನಲ್ಲಿ ಜಗ್ಗಿದಂತೆ ಅನ್ನಿಸುತ್ತದೆ. ನೋವಿಲ್ಲವೆಂಬ ಕಾರಣಕ್ಕೆ ಉದಾಸೀನ ಮಾಡಕೂಡದು. ಗಡ್ಡೆಯ ಸುತ್ತ ನೀರೂ ತುಂಬಿಕೊಂಡಿರುವುದುಂಟು. ಆಗ ಬೆಳಕಿನ ಪರೀಕ್ಷೆಯಿಂದ ನಿರ್ಣಯಿಸಲಾಗದು, ಅಲ್ಟ್ರಾಸೌಂಡ್ ಪರೀಕ್ಷೆಯೇ ಬೇಕು. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನವಾದ ಮೇಲೆ ಎರಡೂ ವೃಷಣಗಳನ್ನು ಬೆರಳುಗಳಿಂದ ಮೆಲ್ಲನೆ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಮುಖ್ಯವಾದ ಎಚ್ಚರಿಕೆಯೊಂದುಂಟು. ಪರೀಕ್ಷೆಯಿಲ್ಲದೆ ಯಾರಿಂದಲೂ ವೃಷಣಚೀಲಕ್ಕೆ ಸೂಜಿ ಚುಚ್ಚಿಸಿ ನೀರು ತೆಗೆಸಬಾರದು, ಚೀಲವನ್ನು ಕೊಯ್ಯಿಸಬಾರದು. ಒಳಗೆ ಕ್ಯಾನ್ಸರು ಇದ್ದರೆ ಅದು ಬೇರೆ ದಾರಿ ಹಿಡಿದು ಹರಡುವ ಸಂಭವವಿರುತ್ತದೆ.

ಮೊದಲ ಚಿಕಿತ್ಸೆ

ಕ್ಯಾನ್ಸರಿನ ಸಂಶಯ ಬಲವಾದರೆ ವೈದ್ಯರು ಮೊದಲು ರಕ್ತವನ್ನು ಪರೀಕ್ಷಿಸುತ್ತಾರೆ. ಈ ರೋಗದಲ್ಲಿ ಕೆಲವು ಪದಾರ್ಥಗಳು ರಕ್ತದಲ್ಲಿ ಏರುತ್ತವೆ. ಅವುಗಳಲ್ಲಿ ಒಂದು, ಗರ್ಭಿಣಿಯರ ಮೂತ್ರಪರೀಕ್ಷೆಯಲ್ಲಿ ಕಾಣುವ ಹಾರ್ಮೋನೇ ಆಗಿದೆ. ಗಂಡಸಿನ ರಕ್ತದಲ್ಲಿ ಅದು ಏರಿದ್ದರೆ ಗಡ್ಡೆಯ ಗುರುತಾಗಬಹುದು. ಇಂಥ ಗುರುತುಗಳು ಏರದೆಯೂ ರೋಗವಿರಬಹುದು. ಅನಂತರ ಹೊಟ್ಟೆಯ ಹಾಗೂ ಎದೆಯ ಸಿ.ಟಿ. ಸ್ಕ್ಯಾನ್ ಆಗುತ್ತದೆ.

ಮೊದಲ ಚಿಕಿತ್ಸೆಯೆಂದರೆ ರೋಗಪೀಡಿತ ವೃಷಣವನ್ನು ತೊಡೆಸಂದಿನ ಮೂಲಕ ಇಡಿಯಾಗಿ ತೆಗೆಯುವುದು. ಇದನ್ನು ಕೇಳಿ ಭಯಪಡಬೇಕಾಗಿಲ್ಲ. ಉಳಿದ ಒಂದು ವೃಷಣ ಆರೋಗ್ಯವಾಗಿದ್ದರೆ ದನಿ, ಗಡ್ಡಮೀಸೆ, ಮೈಬಲ, ದಾಂಪತ್ಯ ಸುಖ ಯಾವುದಕ್ಕೂ ಸಾಮಾನ್ಯವಾಗಿ ಕೊರತೆಯಾಗದು. ಒಂದು ಎತ್ತು ಎರಡು ಎತ್ತುಗಳ ಬೇಸಾಯ ಮಾಡಲಾರದು, ಆದರೆ ಒಂದು ವೃಷಣ ಎರಡರ ಕೆಲಸವನ್ನು ಬಹುಮಟ್ಟಿಗೆ ಮಾಡಬಲ್ಲದು.

ತೆಗೆದ ಗಡ್ಡೆಯನ್ನು ಪ್ರಯೋಗಶಾಲೆಗೆ ಕಳುಹಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಈ ವರದಿಯು ಜಮೀನಿನ ಪಹಣಿಯಷ್ಟೇ ಬೆಲೆಯುಳ್ಳ ಕಾಗದ. ಜೋಪಾನವಾಗಿಡತಕ್ಕದ್ದು. ಮುಂದಿನ ಚಿಕಿತ್ಸೆಯೆಲ್ಲ ಇದನ್ನೇ ಅವಲಂಬಿಸಿರುತ್ತದೆ.

‘ಹೆಚ್ಚಿನ ಅಪಾಯ’ ಎಂದರೇನು?

ರೋಗವು ವೃಷಣದಲ್ಲಿ ಮಾತ್ರ ಇದ್ದು, ಸ್ಕ್ಯಾನಿನಲ್ಲಿ ಬೇರೆಲ್ಲಿಯೂ ಕಾಣದೆ, ಏರಿದ್ದ ರಕ್ತದ ಗುರುತುಗಳು ಶಸ್ತ್ರಕ್ರಿಯೆಯ ನಂತರ ಸಹಜಮಟ್ಟಕ್ಕೆ ಇಳಿದರೆ ಅದನ್ನು ಮೊದಲ ಹಂತವೆನ್ನುತ್ತಾರೆ. ಈ ಹಂತದಲ್ಲಿ ಸರಿಯಾದ ಕ್ರಮ ಅನುಸರಿಸಿದ ನೂರು ಮಂದಿಯಲ್ಲಿ ಸುಮಾರು 99 ಮಂದಿ ಗುಣವಾಗುತ್ತಾರೆ. ಇಷ್ಟು ಗುಣವಾಗುವ ಕ್ಯಾನ್ಸರುಗಳು ಕೆಲವೇ ಕೆಲವು.

ಹಾಗಿದ್ದರೂ ಕಣ್ಣಿಗೂ ಸ್ಕ್ಯಾನಿಗೂ ಕಾಣದ ಕೆಲವು ಜೀವಕೋಶಗಳು ಹೊಟ್ಟೆಯ ಹಿಂಭಾಗದ ದುಗ್ಧರಸ ಗ್ರಂಥಿಗಳಲ್ಲಿ ಅಥವಾ ಶ್ವಾಸಕೋಶದಲ್ಲಿ ಅಡಗಿ ಕುಳಿತಿರಬಹುದು. ಕಳೆ ಕಿತ್ತ ಹೊಲದಲ್ಲಿ ಕಳೆಯ ಬೀಜ ಉಳಿದಂತೆ. ಅದು ಮೊಳೆಯುವ ಸಂಭವ ಎಷ್ಟೆಂಬುದನ್ನು ಗಡ್ಡೆಯ ವರದಿಯಿಂದ ಅಂದಾಜು ಮಾಡುತ್ತಾರೆ.

ಈ ಕ್ಯಾನ್ಸರಿನಲ್ಲಿ ಸೆಮಿನೋಮಾ ಮತ್ತು ಸೆಮಿನೋಮಾ ಅಲ್ಲದ್ದು ಎಂದು ಎರಡು ಮುಖ್ಯ ಬಗೆಗಳುಂಟು. ಸೆಮಿನೋಮಾ ಅಲ್ಲದ ಬಗೆಯಲ್ಲಿ, ಗಡ್ಡೆಯ ಜೀವಕೋಶಗಳು ಸಣ್ಣ ರಕ್ತನಾಳ ಅಥವಾ ದುಗ್ಧನಾಳಗಳೊಳಗೆ ನುಗ್ಗಿರುವುದು ವರದಿಯಲ್ಲಿ ಕಂಡರೆ ಅದು ಹೆಚ್ಚಿನ ಅಪಾಯದ ಗುಂಪು. ಇಂಥ ನೂರು ಮಂದಿಯಲ್ಲಿ ಸುಮಾರು 50 ಮಂದಿಗೆ ರೋಗ ಮರುಕಳಿಸುತ್ತದೆ. ನಾಳಗಳಲ್ಲಿ ನುಗ್ಗಿಲ್ಲದಿದ್ದರೆ ಸುಮಾರು 15 ಮಂದಿಗೆ ಮಾತ್ರ. ಸೆಮಿನೋಮಾದಲ್ಲಿ ಗಡ್ಡೆಯು 4 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದು, ವೃಷಣದ ಒಳಜಾಲದ ನಾಳಗಳಿಗೂ ವ್ಯಾಪಿಸಿದ್ದರೆ ಅಪಾಯ ಹೆಚ್ಚು. ಎರಡೂ ಇದ್ದವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಮರುಕಳಿಸಿದ್ದನ್ನು ಅಧ್ಯಯನಗಳಲ್ಲಿ ಕಂಡಿದ್ದಾರೆ.

‘ಹೆಚ್ಚಿನ ಅಪಾಯ’ವೆಂದರೆ ಮರುಕಳಿಸುವ ಅಪಾಯವೇ ಹೊರತು ಸಾವಿನ ತೀರ್ಪಲ್ಲವೆಂಬುದನ್ನು ದಂಪತಿಗಳು ಚೆನ್ನಾಗಿ ಮನಗಾಣಬೇಕು. ಮರುಕಳಿಸಿದ್ದನ್ನು ಬೇಗ ಕಂಡುಹಿಡಿದರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ.

ಮೊದಲನೆಯ ಮಾರ್ಗ: ನಿಯತ ತಪಾಸಣೆ

ಶಸ್ತ್ರಕ್ರಿಯೆಯ ನಂತರ ಯಾವ ಔಷಧವನ್ನೂ ಕೊಡದೆ, ನಿಗದಿಯಾದ ದಿನಗಳಂದು ಪರೀಕ್ಷಿಸುತ್ತ ಹೋಗುವುದು ಮೊದಲನೆಯ ಮಾರ್ಗ. ಇದು ಸುಮ್ಮನೆ ಕೂಡುವುದಲ್ಲ. ಪೈರಿಗೆ ಕಾವಲು ಕೂತಂತೆ ಎಚ್ಚರದಿಂದಿರುವ ಕ್ರಮ. ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ. ಆದುದರಿಂದ ಆ ಅವಧಿಯಲ್ಲಿ ಒಂದೆರಡು ಅಥವಾ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವೈದ್ಯರು ಹೇಳಿದ ತಿಂಗಳುಗಳಲ್ಲಿ ಹೊಟ್ಟೆಯ ಸ್ಕ್ಯಾನ್ ಹಾಗೂ ಎದೆಯ ಎಕ್ಸ್-ರೇ ಆಗಬೇಕು. ಅನಂತರ ಅಂತರ ಹೆಚ್ಚಿಸುತ್ತ ಕನಿಷ್ಠ 5 ವರ್ಷ ಮುಂದುವರಿಸಬೇಕು.

ಇದರ ಲಾಭವೆಂದರೆ, ರೋಗ ಮರುಕಳಿಸದ ಅರ್ಧದಷ್ಟು ಮಂದಿಗೆ ತೀಕ್ಷ್ಣ ಔಷಧಗಳ ಬಾಧೆಯೇ ತಪ್ಪುತ್ತದೆ. ನಷ್ಟವೆಂದರೆ, ಮರುಕಳಿಸಿದವರಿಗೆ ಔಷಧದ ಒಂದು ಸುತ್ತು ಸಾಲದು, ಸಾಮಾನ್ಯವಾಗಿ ಮೂರು ಸುತ್ತು ಬೇಕಾಗುತ್ತದೆ. ತಪಾಸಣೆಗೆ ತಪ್ಪಿಸಿಕೊಂಡವನಿಗೆ ಈ ಮಾರ್ಗವು ಮಾರ್ಗವೇ ಅಲ್ಲ, ಅವನಿಗೆ ಅದು ಕೇವಲ ಉಪೇಕ್ಷೆಯಾಗುತ್ತದೆ.

ಎರಡನೆಯ ಮಾರ್ಗ: ಮುಂಜಾಗ್ರತೆಯ ಔಷಧ

ಅಡಗಿರಬಹುದಾದ ಜೀವಕೋಶಗಳನ್ನು ಮೊದಲೇ ನಾಶಮಾಡಲು ರಕ್ತನಾಳದ ಮೂಲಕ ಔಷಧ ಕೊಡುವುದು ಎರಡನೆಯ ಮಾರ್ಗ. ಸೆಮಿನೋಮಾ ಅಲ್ಲದ ಬಗೆಗೆ ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಎಂಬ ಮೂರು ಔಷಧಗಳನ್ನು ಕೂಡಿಸಿ ಕೊಡುತ್ತಾರೆ. ಒಂದು ಸುತ್ತಿಗೆ ಸುಮಾರು 21 ದಿನ. ಮೊದಲ ಕೆಲವು ದಿನ ಆಸ್ಪತ್ರೆಯಲ್ಲಿರಬೇಕು, ಅನಂತರ ವಾರಕ್ಕೊಮ್ಮೆ ಬಂದು ಚುಚ್ಚುಮದ್ದು ಪಡೆಯಬೇಕು. ಹಿಂದೆ ಎರಡು ಸುತ್ತು ಕೊಡುತ್ತಿದ್ದರು. ಬ್ರಿಟನ್ನಿನಲ್ಲಿ ಹೆಚ್ಚಿನ ಅಪಾಯದ ರೋಗಿಗಳಿಗೆ ಒಂದೇ ಸುತ್ತು ಕೊಟ್ಟು ನಡೆಸಿದ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ ಮಂದಿಗೆ ಕ್ಯಾನ್ಸರು ಮರುಕಳಿಸಿತು. ಅಂದರೆ 50 ಇದ್ದದ್ದು 2ರ ಒಳಗೆ ಇಳಿಯಿತು.

ಸೆಮಿನೋಮಾಕ್ಕೆ ಕಾರ್ಬೊಪ್ಲಾಟಿನ್ ಎಂಬ ಔಷಧದ ಒಂದೇ ಪ್ರಮಾಣ ಸಾಕಾಗುತ್ತದೆ. ಹಿಂದೆ ಈ ಬಗೆಗೆ ವಿಕಿರಣ ಚಿಕಿತ್ಸೆಯನ್ನೇ ಕೊಡುತ್ತಿದ್ದರು. 1,477 ರೋಗಿಗಳನ್ನೊಳಗೊಂಡು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾರ್ಬೊಪ್ಲಾಟಿನ್ ವಿಕಿರಣಕ್ಕೆ ಸರಿಸಮವೆಂದು ಕಂಡುಬಂತು. ವಿಕಿರಣದಿಂದ ಅನೇಕ ವರ್ಷಗಳ ನಂತರ ಬೇರೆ ಕ್ಯಾನ್ಸರು ಬರುವ ಸಂಭವ ಹೆಚ್ಚುವುದರಿಂದ, ಈಗ ತರುಣರಿಗೆ ಮುಂಜಾಗ್ರತೆಗಾಗಿ ಅದನ್ನು ವಿರಳವಾಗಿ ಬಳಸುತ್ತಾರೆ.

ಔಷಧದಿಂದ ವಾಂತಿ, ಸುಸ್ತು, ಕೂದಲು ಉದುರುವಿಕೆ ಆಗುತ್ತವೆ. ಕೂದಲು ಮತ್ತೆ ಬೆಳೆಯುತ್ತದೆ. ರಕ್ತದ ಬಿಳಿಕಣಗಳು ಕಡಿಮೆಯಾಗುವುದರಿಂದ ಸೋಂಕು ತಗಲುವ ಭಯವಿದೆ. ಔಷಧದ ದಿನಗಳಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆ ಹೊತ್ತೇ ಆಸ್ಪತ್ರೆಗೆ ಹೋಗತಕ್ಕದ್ದು. ಸಿಸ್‌ಪ್ಲಾಟಿನ್‌ನಿಂದ ಮೂತ್ರಪಿಂಡಕ್ಕೂ ಕಿವಿಗೂ ಬಾಧೆಯಾಗಬಹುದು, ಕೈಕಾಲು ಜೋಮು ಹಿಡಿಯಬಹುದು. ಬ್ಲಿಯೋಮೈಸಿನ್‌ನಿಂದ ಶ್ವಾಸಕೋಶಕ್ಕೆ ಹಾನಿಯಾಗುವ ಸಂಭವವಿದೆ. ಆದುದರಿಂದ ಬೀಡಿ, ಸಿಗರೇಟುಗಳನ್ನು ಪೂರ್ಣವಾಗಿ ಬಿಡಬೇಕು. ಒಣಕೆಮ್ಮು, ಏದುಸಿರು ಕಂಡರೆ ತಿಳಿಸಬೇಕು. ಮುಂದೆ ಯಾವುದೇ ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಡುವಾಗ ಈ ಔಷಧ ಪಡೆದ ಸಂಗತಿಯನ್ನು ಮರೆಯದೆ ಹೇಳಬೇಕು.

ಔಷಧ ಪಡೆದವರೂ ತಪಾಸಣೆಯಿಂದ ಪೂರ್ಣ ಮುಕ್ತರಲ್ಲ. ಆದರೆ ಭೇಟಿಗಳ ಒತ್ತಡ ಕಡಿಮೆಯಾಗುತ್ತದೆ.

ಮೂರನೆಯ ಮಾರ್ಗ: ಹೊಟ್ಟೆಯ ಗ್ರಂಥಿಗಳ ಶಸ್ತ್ರಕ್ರಿಯೆ

ಸೆಮಿನೋಮಾ ಅಲ್ಲದ ಬಗೆಯಲ್ಲಿ, ಹೊಟ್ಟೆಯ ಹಿಂಭಾಗದ ದೊಡ್ಡ ರಕ್ತನಾಳಗಳ ಸುತ್ತಲಿನ ದುಗ್ಧರಸ ಗ್ರಂಥಿಗಳನ್ನು ತೆಗೆಯುವುದು ಮೂರನೆಯ ಮಾರ್ಗ. ಇದು ದೊಡ್ಡ ಶಸ್ತ್ರಕ್ರಿಯೆ. ಇದರಲ್ಲಿ ಪಳಗಿದ ತಜ್ಞರಿರುವ ಆಸ್ಪತ್ರೆಯಲ್ಲಿಯೇ ಆಗಬೇಕು. ನರಗಳಿಗೆ ಪೆಟ್ಟಾದರೆ ಸಂಭೋಗದ ಸುಖವಿದ್ದರೂ ವೀರ್ಯ ಹೊರಬಾರದೆ ಸಂತಾನಕ್ಕೆ ಅಡ್ಡಿಯಾಗುತ್ತದೆ. ನರಗಳನ್ನು ಉಳಿಸಿಕೊಂಡು ಮಾಡುವ ವಿಧಾನದಿಂದ ಬಹುಪಾಲು ರೋಗಿಗಳಲ್ಲಿ ಇದನ್ನು ತಪ್ಪಿಸಬಹುದು. ಔಷಧವನ್ನು ತಾಳಿಕೊಳ್ಳಲಾರದವರಿಗೆ ಅಥವಾ ಔಷಧಕ್ಕೆ ಕರಗದ ಬಗೆಯ ಗಡ್ಡೆಯಿದ್ದವರಿಗೆ ವೈದ್ಯರು ಈ ಮಾರ್ಗವನ್ನು ಸೂಚಿಸಬಹುದು.

ಯಾವ ಕುಟುಂಬಕ್ಕೆ ಯಾವ ಮಾರ್ಗ?

ಬದುಕಿ ಉಳಿಯುವವರ ಸಂಖ್ಯೆಯು ಎಲ್ಲ ಮಾರ್ಗಗಳಲ್ಲಿಯೂ ಬಹುಮಟ್ಟಿಗೆ ಒಂದೇ. ಆದುದರಿಂದ ನಿರ್ಣಯವು ವರದಿಯನ್ನು ಮಾತ್ರವಲ್ಲ, ನಿಮ್ಮ ಮನೆಯ ಸ್ಥಿತಿಗತಿಯನ್ನೂ ಅವಲಂಬಿಸಿದೆ. ಕೆಲವು ಉದಾಹರಣೆಗಳನ್ನು ನೋಡೋಣ.

ಶಹಾಪುರದ ಬಳಿ ನೀರಾವರಿ ಜಮೀನಿದ್ದು, ವರ್ಷವಿಡೀ ಊರಿನಲ್ಲಿಯೇ ಇರುವ ರೈತನೊಬ್ಬನಿದ್ದಾನೆಂದು ಭಾವಿಸಿರಿ. ಜೇವರ್ಗಿ ಮಾರ್ಗವಾಗಿ ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಬರಬಲ್ಲನು. ತಾರೀಕು ಮರೆಯದ ಹೆಂಡತಿ ಜೊತೆಗಿದ್ದಾಳೆ. ಇಂಥವನು ನಿಯತ ತಪಾಸಣೆಯನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ತಪಾಸಣೆಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಬೇಕು. ತೊಗರಿ ರಾಶಿಯ ದಿನವೇ ಆಸ್ಪತ್ರೆಯ ದಿನ ಬಂದರೆ ರಾಶಿಯನ್ನೇ ಮುಂದೂಡಬೇಕು.

ಸುರಪುರ ತಾಲ್ಲೂಕಿನ ಒಣಭೂಮಿಯ ಕೂಲಿಕಾರನೊಬ್ಬನು ಪ್ರತಿವರ್ಷ ಹೆಂಡತಿಮಕ್ಕಳೊಡನೆ ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಗುಳೆ ಹೋಗುವನೆಂದು ಭಾವಿಸಿರಿ. ಎರಡು ತಿಂಗಳಿಗೊಮ್ಮೆ ಊರಿನ ಕಡೆ ಬರುವುದು ಅವನಿಗೆ ಕಷ್ಟ. ಬರದಿದ್ದರೆ ಮರುಕಳಿಸಿದ ರೋಗವು ತಿಳಿಯದೆ ಬೆಳೆಯುತ್ತದೆ. ಇಂಥವನಿಗೆ, ಅದರಲ್ಲಿಯೂ ಹೆಚ್ಚಿನ ಅಪಾಯದ ಗುಂಪಿನವನಾಗಿದ್ದರೆ, ಒಂದು ಸುತ್ತು ಔಷಧ ಪಡೆಯುವುದೇ ಹೆಚ್ಚು ಕ್ಷೇಮ. ತಪಾಸಣೆಯನ್ನೇ ಆರಿಸಿದರೆ, ದುಡಿಯುವ ಊರಿನ ಆಸ್ಪತ್ರೆಯಲ್ಲಿಯೇ ಅದು ನಡೆಯುವಂತೆ ಮೊದಲೇ ಕಾಗದಪತ್ರ ಮಾಡಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಮುಂಬಯಿಯಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ ಇವೆ.

ಇನ್ನು ಮದುವೆಯಾಗಿ ಒಂದೆರಡು ವರ್ಷವಾಗಿ, ಮಕ್ಕಳಿನ್ನೂ ಆಗದ ಯಾದಗಿರಿಯ ತರುಣ ದಂಪತಿಗಳಿದ್ದಾರೆಂದು ತಿಳಿಯಿರಿ. ಇವರು ಔಷಧಕ್ಕೆ ಮುಂಚೆ ಸಂತಾನದ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಅದನ್ನು ಮುಂದೆ ಹೇಳಿದೆ. ಮೂತ್ರಪಿಂಡದ ಅಥವಾ ಶ್ವಾಸಕೋಶದ ಕಾಯಿಲೆ ಮೊದಲೇ ಇದ್ದವರು ಅದನ್ನು ವೈದ್ಯರಿಗೆ ತಿಳಿಸಿಯೇ ಔಷಧದ ವಿಚಾರ ಮಾಡಬೇಕು.

ನಿರ್ಣಯದ ದಿನ ಗಂಡನೊಬ್ಬನೇ ಹೋಗದೆ ಹೆಂಡತಿಯನ್ನೂ ಕರೆದೊಯ್ಯಬೇಕು. ಈ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ: ಗಡ್ಡೆ ಯಾವ ಬಗೆಯದು? ನಾಳಗಳಲ್ಲಿ ನುಗ್ಗಿದೆಯೇ? ನಾವು ತಪಾಸಣೆಗೆ ಯಾವ ಯಾವ ತಿಂಗಳು ಬರಬೇಕು?

ದಾಂಪತ್ಯ ಮತ್ತು ಸಂತಾನ

ಔಷಧದಿಂದ ವೀರ್ಯಾಣುಗಳ ಸಂಖ್ಯೆ ಕೆಲಕಾಲ ಇಳಿಯುತ್ತದೆ. ಒಂದೇ ಸುತ್ತು ಪಡೆದ ಬಹುತೇಕರಲ್ಲಿ ಮತ್ತೆ ಏರುತ್ತದೆ. ಆದರೆ ಖಾತರಿಯಿಲ್ಲ. ಈ ರೋಗದವರಲ್ಲಿ ಕೆಲವರಿಗೆ ಚಿಕಿತ್ಸೆಗೆ ಮೊದಲೇ ವೀರ್ಯಾಣು ಕಡಿಮೆಯಿರುವುದುಂಟು. ಆದುದರಿಂದ ಮಕ್ಕಳು ಬೇಕೆನ್ನುವವರು, ಸಾಧ್ಯವಾದರೆ ವೃಷಣ ತೆಗೆಯುವ ಮೊದಲೇ, ತಪ್ಪಿದರೆ ಔಷಧ ಆರಂಭವಾಗುವ ಮೊದಲು, ದೊಡ್ಡ ನಗರದ ನೋಂದಾಯಿತ ವೀರ್ಯ ಬ್ಯಾಂಕಿನಲ್ಲಿ ವೀರ್ಯವನ್ನು ಶೇಖರಿಸಿಡುವ ಬಗ್ಗೆ ವಿಚಾರಿಸಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬಿತ್ತನೆಗೆ ಒಳ್ಳೆಯ ಬೀಜ ತೆಗೆದಿಡುವ ರೈತನ ವಿವೇಕವೇ ಇದು.

ಔಷಧ ನಡೆಯುವಾಗ ಮತ್ತು ಅನಂತರ ವೈದ್ಯರು ಹೇಳುವ ಅವಧಿಯವರೆಗೆ ಗರ್ಭ ನಿಲ್ಲದಂತೆ ನಿರೋಧ್ ಬಳಸತಕ್ಕದ್ದು. ಈ ಅವಧಿಯು ಕನಿಷ್ಠ ಆರು ತಿಂಗಳು, ಅನೇಕ ವೈದ್ಯರು ಒಂದು ವರ್ಷವೆನ್ನುತ್ತಾರೆ. ಆ ಮೇಲೆ ಹುಟ್ಟುವ ಮಕ್ಕಳಿಗೆ ಔಷಧದಿಂದ ದೋಷ ಬರುತ್ತದೆಂದು ಹೆದರಬೇಕಾಗಿಲ್ಲ. ಗಂಡನು ಕೆಲ ದಿನ ಮಂಕಾಗಿರಬಹುದು, ಸಿಡುಕಬಹುದು. ಆಗ ಹೆಂಡತಿಯ ಸಮಾಧಾನದ ಮಾತೇ ಮದ್ದು. ಹಾಗೆಯೇ ಹೆಂಡತಿಯನ್ನು ‘ನಿನ್ನ ಕಾಲ್ಗುಣ’ವೆಂದು ಯಾರಾದರೂ ಜರೆದರೆ, ಅದನ್ನು ತಡೆಯುವುದು ಗಂಡನ ಧರ್ಮ.

ಚಿಕಿತ್ಸೆ ಎಲ್ಲಿ?

ಊತ ಕಂಡ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಅಲ್ಲಿಂದ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೂ, ಅಗತ್ಯಬಿದ್ದರೆ ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕೇಂದ್ರಕ್ಕೂ ಕಳುಹಿಸುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ಉಂಟು. ಪಡಿತರ ಚೀಟಿ, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಗಿರಲಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲು ದರದಲ್ಲಿ ರಿಯಾಯಿತಿಯೂ ಇದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಹೊಲ ಮಾರುವ, ಬಡ್ಡಿ ಸಾಲ ಮಾಡುವ ಮೊದಲು ಇವನ್ನು ವಿಚಾರಿಸತಕ್ಕದ್ದು.

ಧೈರ್ಯಕ್ಕೆ ಕಾರಣವುಂಟು

1970ರ ದಶಕಕ್ಕೆ ಮುಂಚೆ, ದೇಹದಲ್ಲಿ ಹರಡಿದ ಈ ರೋಗದಿಂದ ಬದುಕಿದವರು ವಿರಳ. 1974ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡಾ. ಲಾರೆನ್ಸ್ ಐನ್‌ಹಾರ್ನ್ ಅವರು ಸಿಸ್‌ಪ್ಲಾಟಿನ್ನನ್ನು ಬೇರೆ ಔಷಧಗಳೊಡನೆ ಕೂಡಿಸಿ ಕೊಡಲಾರಂಭಿಸಿದ ಮೇಲೆ ಈ ಸ್ಥಿತಿ ಬದಲಾಯಿತು. ನಮ್ಮ ಕ್ರಿಕೆಟ್ ಆಟಗಾರ ಯುವರಾಜ್ ಸಿಂಗ್ ಅವರಿಗೆ ಇದೇ ಜಾತಿಯ ಸೆಮಿನೋಮಾ ಗಡ್ಡೆಯು ವೃಷಣದಲ್ಲಲ್ಲ, ಎದೆಗೂಡಿನಲ್ಲಿ ಹುಟ್ಟಿತ್ತು. 2012ರಲ್ಲಿ ಇಂಡಿಯಾನಾದಲ್ಲಿಯೇ ಔಷಧ ಪಡೆದು ಗುಣವಾಗಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತ ತಂಡದ ಪರವಾಗಿ ಮತ್ತೆ ಆಡಿದರು. ಅಂಥ ಔಷಧಗಳೇ ಇಂದು ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿಯೂ ದೊರೆಯುತ್ತವೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ವೃಷಣದ ಗಟ್ಟಿ ಊತವು ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸತಕ್ಕದ್ದು.

2. ಪರೀಕ್ಷೆಯಿಲ್ಲದೆ ಸೂಜಿ ಚುಚ್ಚಿಸಕೂಡದು.

3. ಗಡ್ಡೆಯ ವರದಿಯನ್ನು ಜೋಪಾನವಾಗಿಡಬೇಕು.

4. ಹೆಚ್ಚಿನ ಅಪಾಯವಿದ್ದರೂ ಗುಣವಾಗುವವರೇ ಬಹುತೇಕ ಎಲ್ಲರೂ.

5. ತಪಾಸಣೆಗೆ ತಪ್ಪದೆ ಬರಬಲ್ಲವರು ತಪಾಸಣೆಯನ್ನು ಆರಿಸಬಹುದು. ಬರಲಾಗದವರಿಗೆ ಮುಂಜಾಗ್ರತೆಯ ಔಷಧವೇ ಲೇಸು.

6. ಮಕ್ಕಳು ಬೇಕಾದವರು ಔಷಧಕ್ಕೆ ಮೊದಲು ವೀರ್ಯ ಶೇಖರಣೆಯ ವಿಚಾರ ಮಾಡಬೇಕು.

7. ನಿರ್ಣಯವನ್ನು ಗಂಡಹೆಂಡಿರು ಕೂಡಿ, ವೈದ್ಯರೊಡನೆ ಮಾತನಾಡಿ ಕೈಕೊಳ್ಳಬೇಕು.

ಸಂಕೋಚವನ್ನು ಬಿಟ್ಟು ಸಕಾಲದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವನು ತನ್ನ ಜೀವವನ್ನಷ್ಟೇ ಅಲ್ಲ, ತನ್ನನ್ನು ನಂಬಿದ ಮನೆಯನ್ನೂ ಕಾಪಾಡಿಕೊಳ್ಳುತ್ತಾನೆ.